ಒಂದೆಕರೆ ಹೊಲವೂ ಪಿಯುಸಿಯ ಎರಡು ವರ್ಷವೂ

ಓದುಗರ ಪತ್ರ: ನಾವು ಸವದತ್ತಿ ತಾಲೂಕಿನವರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಧಾರವಾಡದಲ್ಲಿ ಸೈನ್ಸ್ ಓದುತ್ತೇನೆ ಅನ್ನುತ್ತಾಳೆ. ಮಗ ಏಳನೇ ತರಗತಿ. ಹೆಣ್ಣುಹುಡುಗಿಯನ್ನು ಹಾಸ್ಟೆಲಿಗೆ ಬಿಡುವುದು ಬೇಡ ಎಂದು ಅತ್ತೆಯವರ ಹಟ. ಇರುವ ಆರೆಕರೆಯಲ್ಲಿ ಒಂದೆಕರೆ ಮಾರಿ ಧಾರವಾಡದಲ್ಲಿ ಮನೆ ಕೊಳ್ಳೋಣ, ನೀನು ಮಕ್ಕಳ ಜೊತೆ ಅಲ್ಲಿರು, ನಾನು ಅವ್ವನ ಜೊತೆ ಊರಲ್ಲಿರುತ್ತೇನೆ ಎನ್ನುತ್ತಾರೆ ನಮ್ಮ ಮನೆಯವರು. ಏನು ಮಾಡಲಿ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಅಕ್ಕಾವರೇ,

ನಿಮ್ಮ ಪತ್ರದ ಅಂಚಿನಲ್ಲಿ ಬೇರೆ ಪೆನ್ನಿನಿಂದ ಬರೆದ ಸಣ್ಣ ಸಾಲೊಂದಿದೆ: "ಹಾಸ್ಟೆಲ್ ಆದ್ರೂ ನಡೀತೈತ್ರಿ." ಅಂಚೆಗೆ ಹಾಕುವ ಮುಂಚೆ ನಿಮ್ಮ ಮಗಳು ಸೇರಿಸಿದ್ದಿರಬೇಕು. ಆ ಸಾಲನ್ನು ನೀವು ನೋಡಿರಲಿಕ್ಕಿಲ್ಲ, ಅದಕ್ಕೇ ಮೊದಲು ಅದನ್ನು ಹೇಳಿದೆ.

ಹೊಲ ಮಾತ್ರ ಮಾರಬೇಡಿ. ಪಿಯುಸಿ ಅಂದರೆ ಎರಡು ವರ್ಷ. ಆಮೇಲೆ ಸಿಇಟಿಯಲ್ಲೋ ನೀಟ್‌ನಲ್ಲೋ ಬಂದ ರ‍್ಯಾಂಕಿನ ಮೇಲೆ ಬಾಗಲಕೋಟೆಯಲ್ಲಿ ಸೀಟು ಸಿಗಬಹುದು, ಬೆಂಗಳೂರಿನಲ್ಲಿ ಸಿಗಬಹುದು. ಆಗ ಧಾರವಾಡದ ಮನೆಯಲ್ಲಿ ಯಾರಿರುತ್ತಾರೆ? ನಾಳೆ ಮಗಳಿಗೋ ಮಗನಿಗೋ ಕೃಷಿ ಪದವಿಯ ಕಡೆ ಮನಸ್ಸಾದರೆ ರೈತರ ಮಕ್ಕಳಿಗೆಂದೇ ಬೇರೆ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಬೀಜ, ಬೆಳೆ ಗುರುತು ಹಿಡಿಯಲು ಬರಬೇಕು. ಹೊಲದ ಒಡನಾಟ ಇರುವ ಮಕ್ಕಳಿಗೆ ಅದು ಸಲೀಸು. ಮಗನನ್ನು ಎಸ್ಸೆಸ್ಸೆಲ್ಸಿ ಮುಗಿಯುವತನಕ ಊರ ಸಾಲೆ ಬಿಡಿಸಬೇಡಿ.

ನನ್ನ ಮನೆಯ ಕಥೆ ಹೇಳುತ್ತೇನೆ. ನನ್ನ ಪಿಯುಸಿಗೆಂದು ಅವ್ವ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಕೋಣೆ ಹಿಡಿದು ಎರಡು ವರ್ಷ ನನ್ನ ಜೊತೆ ಇದ್ದಳು. ಊರಲ್ಲಿ ನಸುಕಿನಲ್ಲೆದ್ದು ಹೆಂಡಿಕಸ ಬಳಿದು, ಹಾಲು ಹಿಂಡಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದ ಹೆಂಗಸು. ಇಲ್ಲಿ ನಾನು ಕಾಲೇಜಿಗೆ ಹೋದಮೇಲೆ ಅವಳಿಗೆ ಕೆಲಸವೇ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗತೊಡಗಿದಳು. ನಮ್ಮೂರ ಬಸ್ಸು ಬರುವ ಹೊತ್ತಿಗೆ ನಿಂತಿದ್ದು, ಇಳಿದವರನ್ನು ಮಾತಾಡಿಸಿ ವಾಪಸ್ ಬರುತ್ತಿದ್ದಳಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅತ್ತ ಅಪ್ಪನೊಬ್ಬನಿಗೆ ನೀಗದೆ ಎರಡೂ ಎಮ್ಮೆ ಮಾರಾಟವಾದವು. ನಾನು ಪಾಸಾದೆ, ಅವ್ವ ಖಾಲಿ ಕೊಟ್ಟಿಗೆಗೆ ಮರಳಿದಳು.

ಅದೇ ಬಸ್ಸಿನಲ್ಲಿ ನನ್ನ ಗೆಳೆಯರ ಬುತ್ತಿ ಬರುತ್ತಿತ್ತು. ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಹೆಸರು, ಒಳಗೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಕಂಡಕ್ಟರು ಒಂದೊಂದಾಗಿ ಇಳಿಸಿಕೊಡುತ್ತಿದ್ದ. ಅವರೂ ಪಾಸಾದರು.

ಧಾರವಾಡಕ್ಕೆ ಪರವೂರ ಮಕ್ಕಳು ಹೊಸಬರಲ್ಲ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಅವ್ವ-ಅಪ್ಪ ಊರಲ್ಲಿದ್ದು ಮಕ್ಕಳಷ್ಟೇ ಇಲ್ಲಿದ್ದು ಓದುವುದು ಈ ಊರಿಗೆ ತಲೆಮಾರುಗಳ ರೂಢಿ. ಇಲ್ಲಿಯ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಮ್ಮ ಭಾಗದ ಹಳ್ಳಿಹಳ್ಳಿಯಲ್ಲಿದ್ದಾರೆ. ಹೆಣ್ಣುಮಕ್ಕಳಿಗೆ ಸರಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಹೊತ್ತಿಗೆ ಓಡಾಡುವುದು ಬೇಡ.

ಅತ್ತೆಯವರು ಏನು ಮಾಡಿದರೂ ಒಪ್ಪದಿದ್ದರೆ? ಹುಡುಗಿಯ ಓದು ನಿಲ್ಲುತ್ತದೆ ಎಂಬ ಹಂತ ಬಂದರೆ ಹಿಂದೆಮುಂದೆ ನೋಡದೆ ನೀವು ಹೊರಡಿ. ಎಮ್ಮೆ ಹೋದರೂ ಹೋಗಲಿ. ಆದರೆ ಬಾಡಿಗೆ ಮನೆಗೆ, ಅದೂ ಎರಡೇ ವರ್ಷಕ್ಕೆ. ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ದಟ್ಟಣೆ ಬಹಳ, ಬಾಡಿಗೆಯೂ ಹಾಗೇ. ಸ್ವಲ್ಪ ದೂರದಲ್ಲಿ ನೋಡಿ. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಎಂದು ಮನೆ ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಇಲ್ಲಿಗೆ ಬರುವುದು ನಿಮ್ಮ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನ ನೀರೇ. ಹಾಗಿದ್ದೂ ದಿನಗಟ್ಟಲೆ ಕಾಯುವ ಓಣಿಗಳಿವೆ.

ಅಲ್ಲಿಯವರೆಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿ.ಮೀ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಾದ ನಿಮಗಾರಿಗೂ ಟಿಕೆಟ್ಟಿನ ಖರ್ಚಿಲ್ಲ. ಅತ್ತೆಯವರನ್ನೂ ಮಗಳನ್ನೂ ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಬನ್ನಿ. ಎರಡು ಹಾಸ್ಟೆಲ್ ನೋಡಿ. ರಾತ್ರಿ ಗೇಟಿನಲ್ಲಿ ಯಾರಿರುತ್ತಾರೆ, ಹುಡುಗಿಗೆ ಜ್ವರ ಬಂದರೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಅತ್ತೆಯವರೇ ವಾರ್ಡನ್ನರನ್ನು ಕೇಳಲಿ. ಕೇಳುವ ಹಕ್ಕು ಅವರಿಗಿದೆ, ಅವರ ಅಂಜಿಕೆಯೂ ಸುಳ್ಳಲ್ಲ. ಬಚ್ಚಲುಮನೆಯ ಚಿಲಕ ಹಾಕಿ ನೋಡಲಿ. ಊಟದ ಹೊತ್ತಿಗೇ ಹೋಗಿ. ಅಲ್ಲಿಯ ರೊಟ್ಟಿ ಹೇಗಿದೆ ಎಂದು ಅವರೇ ಮುರಿದು ನೋಡಲಿ.