ಎಕೆ ರೈಫಲ್‌ನ ರೆಡ್ ಡಾಟ್‌ಗೆ ಯಾವ ಮೌಂಟ್?

ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗುರಿಸಾಧನ) ಕೂರಿಸಲು ಮೇಲ್ಮುಚ್ಚಳದ ಮೌಂಟ್ (ಅದನ್ನು ಹಿಡಿದಿಡುವ ಆಧಾರ) ಒಳ್ಳೆಯದೋ ಪಕ್ಕದ ರೈಲಿನದೋ (ಮೌಂಟ್ ಸಿಕ್ಕಿಸುವ ಲೋಹದ ಪಟ್ಟಿಯದೋ) ಎಂದು ಕೇಳಿದ್ದೀರಿ. ನಿಮ್ಮ ರಿಸೀವರಿನ (ರೈಫಲ್‌ನ ಯಂತ್ರಭಾಗವಿರುವ ನಡುಪೆಟ್ಟಿಗೆಯ) ಎಡಬದಿಯಲ್ಲಿ ರೈಲು ಇದೆ ಎಂದ ಮೇಲೆ ಹೆಚ್ಚು ಯೋಚಿಸಬೇಡಿ, ಪಕ್ಕದ ಮೌಂಟೇ ಸರಿ.

ಎಕೆಯ ಮೇಲ್ಮುಚ್ಚಳ ತೆಳುವಾದ ತಗಡು. ಧೂಳು ತಡೆಯಲು ಮಾಡಿದ್ದೇ ಹೊರತು ಭಾರ ಹೊರಲು ಅಲ್ಲ. ಶುಚಿ ಮಾಡಲು ಪ್ರತಿ ಸಲ ತೆಗೆದು ಹಾಕಬೇಕು. ಮರಳಿ ಕೂರುವಾಗ ಕೂದಲೆಳೆಯಷ್ಟು ಸರಿದರೂ ಗುರಿ ತಪ್ಪಿತು. ಮುಂದೆ ಕೀಲು ಇರುವ ಗಟ್ಟಿ ಮುಚ್ಚಳಗಳ ಮಾತು ಬೇರೆ, ಅವುಗಳಲ್ಲಿ ಚೆನ್ನಾಗಿರುವವೂ ಇವೆ.

ಕೊಳ್ಳುವ ಮೊದಲು ರೈಲಿನ ಮಾದರಿ ನೋಡಿ. ಯುಗೋಸ್ಲಾವಿಯಾ ಮೂಲದ ರೈಫಲ್‌ಗಳಲ್ಲಿ ಅದರ ಸ್ಥಾನ ರಷ್ಯನ್ ಮಾದರಿಗಿಂತ ಬೇರೆ. ಒಂದರ ಮೌಂಟ್ ಇನ್ನೊಂದಕ್ಕೆ ಹಾಕಿದರೆ ಡಾಟ್ ನಳಿಕೆಯ ನೇರಕ್ಕೆ ಬರುವುದಿಲ್ಲ. ಎತ್ತರವೂ ಮುಖ್ಯ. ಮೌಂಟ್ ಮುಚ್ಚಳಕ್ಕೆ ಹತ್ತಿರವಿದ್ದಷ್ಟೂ ಕೆನ್ನೆ ಬಟ್ಟಿನ (ಭುಜಕ್ಕೆ ಒರಗಿಸುವ ಹಿಂಭಾಗದ) ಮೇಲೆ ಸರಿಯಾಗಿ ಕೂರುತ್ತದೆ. ಎತ್ತರದ ಮೌಂಟ್ ಹಾಕಿ ಗದ್ದ ಊರಿ ಗುಂಡು ಹಾರಿಸುವವರನ್ನು ನೋಡಿದರೆ ನನಗೆ ಕನಿಕರ. ಆದರೆ ತೀರಾ ತಗ್ಗಾದರೆ ಮುಚ್ಚಳ ತೆಗೆಯಲು ಪ್ರತಿ ಬಾರಿಯೂ ಮೌಂಟ್ ಬಿಚ್ಚಬೇಕಾಗುತ್ತದೆ.

ನಿಮ್ಮ ಬಟ್ಟು ಎಡಕ್ಕೆ ಮಡಚುವಂಥದ್ದಾದರೆ ಮೌಂಟ್ ಅದಕ್ಕೆ ಅಡ್ಡ ಬರಬಹುದು, ಅಳೆದು ನೋಡಿ. ಮೌಂಟನ್ನು ರೈಲಿಗೆ ಬಿಗಿಯುವ ಲಿವರಿನ ಬಿಗಿತ ಕೈಬೆರಳಿಗೆ ಗಟ್ಟಿಯಾಗಿ ತಾಗುವಂತಿರಲಿ. ಸುಲಭವಾಗಿ ಜಾರಿದರೆ ನಟ್ ಸ್ವಲ್ಪ ತಿರುಗಿಸಿ. ಇದನ್ನೆಲ್ಲ ಮಾಡುವ ಮೊದಲು ರೈಫಲ್‌ನಲ್ಲಿ ಗುಂಡು ಇಲ್ಲದಿರುವುದನ್ನು ನೋಡಿಕೊಳ್ಳಿ.

ಗ್ಯಾಸ್ ಟ್ಯೂಬ್ (ನಳಿಕೆಯ ಮೇಲಿರುವ, ಗುಂಡಿನ ಬಿಸಿ ಅನಿಲ ಹಾಯುವ ಕೊಳವೆ) ಮೇಲಿನ ಮೌಂಟ್ ತಗ್ಗಾಗಿಯೇ ಇರುತ್ತದೆ, ಆದರೆ ಸತತವಾಗಿ ಹಾರಿಸಿದರೆ ವಿಪರೀತ ಬಿಸಿಯಾಗುತ್ತದೆ. ಅಗ್ಗದ ರೆಡ್ ಡಾಟ್ ಅಲ್ಲಿ ಬಾಳುವುದಿಲ್ಲ.