ವಿಮಾನದ ಲೆಕ್ಕ ಬಿಡಿ, ಎಂಜಿನ್ ಎಲ್ಲಿಂದ ಬರುತ್ತೆ ನೋಡಿ

"ನಮ್ಮ ವಾಯುಪಡೆಗೆ 42 ಸ್ಕ್ವಾಡ್ರನ್ ಬೇಕಂತೆ, ಇರೋದು 29 ಅಂತೆ. ಆ ಕಡೆ ಚೀನಾ, ಈ ಕಡೆ ಪಾಕಿಸ್ತಾನ ಹೊಸ ವಿಮಾನ ತರ್ತಾನೇ ಇವೆ. ನಾವು ನಿಜಕ್ಕೂ ಅಪಾಯದಲ್ಲಿದ್ದೀವಾ?" ಅಂತ ಕೇಳಿದ್ದೀರಿ.

ಇದ್ದೀವಿ. ಆದ್ರೆ ನಿಮ್ಮ ಕಣ್ಣಿರುವ ಜಾಗದಲ್ಲಲ್ಲ.

ಲೆಕ್ಕವೇನೋ ಸರಿ. 1963ರಿಂದ ಸೇವೆಯಲ್ಲಿದ್ದ ಮಿಗ್-21ಗಳು ಸೆಪ್ಟೆಂಬರ್ 2025ರಲ್ಲಿ ನಿವೃತ್ತಿಯಾದ ಮೇಲೆ 29ಕ್ಕೆ ಇಳಿಯಿತು. ಒಂದು ಸ್ಕ್ವಾಡ್ರನ್ ಅಂದ್ರೆ 16–18 ವಿಮಾನ. 126 ವಿಮಾನ ಕೊಳ್ಳೋಕೆ 2007ರಲ್ಲಿ ಟೆಂಡರ್ ಕರೆದು, 2012ರಲ್ಲಿ ರಫೇಲ್ ಆರಿಸಿ, 2015ರಲ್ಲಿ ಆ ಟೆಂಡರ್ ಕೈಬಿಟ್ಟು, ಕೊನೆಗೆ ತಂದಿದ್ದು 36 ರಫೇಲ್. ಈ ಗುಂಡಿ ಶತ್ರು ತೋಡಿದ್ದಲ್ಲ.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಎಂಜಿನ್‌ದು.

ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಅಲ್ಲಿ ಎಚ್‌ಎಫ್-24 ಮಾರುತ್ ಅನ್ನೋ ನಮ್ಮದೇ ಹಳೇ ಯುದ್ಧವಿಮಾನ ನಿಂತಿದೆ. ಅಕ್ಕನ ಮಗನನ್ನು ಕರ್ಕೊಂಡು ಹೋಗಿದ್ದೆ, ಅವನು ಏಳನೇ ಕ್ಲಾಸು. ಆ ಚೂಪು ಮೂಗು ನೋಡಿ "ಮಾಮ, ಇದು ಎಷ್ಟು ಸ್ಪೀಡ್ ಹೋಗ್ತಿತ್ತು?" ಅಂದ. ಹೋಗಬೇಕಾದಷ್ಟು ಹೋಗಲಿಲ್ಲ ಕಣೋ ಅಂದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲೇ ಕೂತು ವಿನ್ಯಾಸ ಮಾಡಿದ್ದು, 1961ರಲ್ಲಿ ಇದೇ ಊರಲ್ಲಿ ಮೊದಲು ಹಾರಿದ್ದು. ಶಬ್ದಕ್ಕಿಂತ ವೇಗವಾಗಿ ಹೋಗಲಿ ಅಂತಲೇ ಕಟ್ಟಿದ ಮೈ ಅದು. ಆದ್ರೆ ತಕ್ಕ ಎಂಜಿನ್ ಯಾರೂ ಕೊಡಲಿಲ್ಲ, ನಮ್ಮಲ್ಲಿರಲಿಲ್ಲ. ಕಡಿಮೆ ಶಕ್ತಿಯ ಬ್ರಿಟಿಷ್ ಆರ್ಫಿಯಸ್ ಎಂಜಿನ್ ಎರಡನ್ನು ಹಾಕ್ಕೊಂಡೇ ಕೊನೆವರೆಗೂ ಓಡಾಡಿತು.

ಈಗಿನ ನಮ್ಮ ಯುದ್ಧವಿಮಾನ ತೇಜಸ್ ಕಥೆಯೂ ಅದೇ. ಅದಕ್ಕೆಂದೇ ಬೆಂಗಳೂರಿನಲ್ಲಿ ಕಾವೇರಿ ಎಂಜಿನ್ ಶುರು ಮಾಡಿದರು, ಸಾಕಷ್ಟು ಶಕ್ತಿ ಬರಲಿಲ್ಲ, 2008ರಲ್ಲಿ ತೇಜಸ್‌ನಿಂದ ಬೇರೆ ಮಾಡಿದರು. ಸುಮ್ನೆ ಬೈಯೋದು ಸುಲಭ. ಟರ್ಬೈನ್‌ನ ಒಂದು ಪುಟ್ಟ ಬ್ಲೇಡ್ ತಗೊಳ್ಳಿ: ಅದರ ಸುತ್ತ ಹಾಯುವ ಗಾಳಿಯ ಬಿಸಿ, ಆ ಲೋಹ ಕರಗುವ ಬಿಸಿಗಿಂತಲೂ ಜಾಸ್ತಿ. ಒಳಗೆ ಪೊಳ್ಳು ಮಾಡಿ, ಮೈತುಂಬ ಸಣ್ಣ ತೂತು ಕೊರೆದು, ಅದರಲ್ಲಿ ತಣ್ಣನೆ ಗಾಳಿ ಹಾಯಿಸಿ ಉಳಿಸಿಕೊಳ್ಳಬೇಕು. ಕಾದ ಬಾಣಲೆಯಲ್ಲಿ ಬೆಲ್ಲದಚ್ಚು ಇಟ್ಟು ಕರಗದ ಹಾಗೆ ನೋಡ್ಕೊಂಡ ಹಾಗೆ, ಅದೂ ಗಿರಗಿರ ತಿರುಗಿಸ್ತಾ! ಈ ವಿದ್ಯೆ ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು, ಅವು ಸುಲಭಕ್ಕೆ ಹೇಳಿಕೊಡಲ್ಲ.

ಹಾಗಾಗಿ ತೇಜಸ್‌ಗೆ ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್. 2021ರಲ್ಲಿ ತೇಜಸ್‌ನ ಸುಧಾರಿತ ಮಾದರಿ ಮಾರ್ಕ್-1ಎ 83 ವಿಮಾನಗಳಿಗೆ ಆರ್ಡರ್ ಹೋಯಿತು, 2024ರಲ್ಲಿ ಮೊದಲನೆಯದು ಬರಬೇಕಿತ್ತು. ಮೊದಲ ಎಂಜಿನ್ ಸಿಕ್ಕಿದ್ದೇ ಮಾರ್ಚ್ 2025ರಲ್ಲಿ. ಅಮೆರಿಕದವರು ಬೇಕಂತಲೇ ತಡೆದರು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಎಂಜಿನ್‌ಗೆ ಕೊಟ್ಟಿದ್ದ ಹಳೆ ಆರ್ಡರ್ 2016ಕ್ಕೆ ಮುಗಿದಿತ್ತು, ಹೊಸ ಆರ್ಡರ್ ನಾವು ಕೊಟ್ಟಿರಲಿಲ್ಲ, ಅವರು ಅದನ್ನು ತಯಾರಿಸುವ ಲೈನ್ ಮುಚ್ಚಿಬಿಟ್ಟಿದ್ದರು. ಅರ್ಧ ತಪ್ಪು ನಮ್ಮದೇ ಅಲ್ವಾ? (ಎಂಜಿನ್ ಒಂದೇ ಕಾರಣ ಅಲ್ಲ, ರೇಡಾರ್, ಕ್ಷಿಪಣಿ ಹೊಂದಿಸುವ ಕೆಲಸವೂ ಎಳೆದಾಡಿತು.)

ಚೀನಾ ಕೂಡ ಮೊದಲು ತನ್ನ ಜೆ-10 ಯುದ್ಧವಿಮಾನಕ್ಕೆ ರಷ್ಯಾದ ಎಂಜಿನ್ ತರಿಸ್ತಿತ್ತು. ವರ್ಷಗಟ್ಟಲೆ ದುಡ್ಡು ಸುರಿದು ಈಗ ತನ್ನದೇ ಡಬ್ಲ್ಯುಎಸ್-10 ಎಂಜಿನ್ ಹಾಕ್ತಿದೆ. ಪಾಕಿಸ್ತಾನ ಮೇ 2025ರ ಸಂಘರ್ಷದಲ್ಲಿ ಹಾರಿಸಿದ ಜೆ-10ಸಿ ಅಲ್ಲಿಂದಲೇ ಬಂದಿದ್ದು. ಪಾಕಿಸ್ತಾನದ್ದೂ ಪರಾವಲಂಬನೆಯೇ, ಆದ್ರೆ ಅವರಿಗೆ ಕೊಡುವವನು ಪಕ್ಕದ ಮನೆಯವನು.

ನಾಳೆ ನಾಲ್ಕು ದಿನದ ಜಗಳ ಆದ್ರೆ ನಾವೇನೂ ಕುಸಿದು ಬೀಳಲ್ಲ. ರಫೇಲ್, ಸುಖೋಯ್ ವಿಮಾನ, ಶತ್ರು ವಿಮಾನ ಹೊಡೆಯುವ ಎಸ್-400 ಕ್ಷಿಪಣಿ ವ್ಯವಸ್ಥೆ ಇವೆ. ತಿಂಗಳುಗಟ್ಟಲೆ ನಡೆದರೆ, ಕಳೆದುಹೋದ ವಿಮಾನದ ಜಾಗಕ್ಕೆ ಇನ್ನೊಂದು ತರೋದು ಯಾರ ಕೈಲಿದೆ ಅನ್ನೋದು ಪ್ರಶ್ನೆ.

ಮುಂದಿನ ಯುದ್ಧವಿಮಾನ ಎಎಂಸಿಎಗೆ ಫ್ರಾನ್ಸಿನ ಸಾಫ್ರಾನ್ ಕಂಪನಿ ಜೊತೆ ಸೇರಿ ಎಂಜಿನ್ ಮಾಡ್ತೀವಿ ಅಂತ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಹೇಳಿದ್ದಾರೆ. ಒಳ್ಳೇದೇ. ಅದು ಹಾರುವಷ್ಟರಲ್ಲಿ ನನ್ನ ಅಕ್ಕನ ಮಗ ಓದು ಮುಗಿಸಿ ಕೆಲಸಕ್ಕೆ ಸೇರಿರ್ತಾನೆ.