‘ಸೆಟ್’ಗೆ 430 ಅರ್ಥ: ಬಾಯಿಪಾಠ ಮಾಡುತ್ತಿರುವವರಿಗೆ

ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ. ಈ ಸಲ ಅದಕ್ಕೆ ಉದ್ದಕ್ಕೆ ಉತ್ತರ ಬರೆದಿದ್ದೇನೆ. ಮುಂದಿನ ತಿಂಗಳು ದಯವಿಟ್ಟು ಬೇರೆ ಏನಾದರೂ ಕೇಳಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ನಲ್ಲಿ ಇಂಗ್ಲಿಷಿನ ‘ಸೆಟ್’ ಪದದ 430 ಅರ್ಥಗಳ ಪಿಡಿಎಫ್ ಕೊಟ್ಟು, ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿ ಎಂದಿದ್ದಾರೆ. ನೂರು ದಾಟುವಷ್ಟರಲ್ಲಿ ಮೊದಲಿನವು ಮರೆತೇ ಹೋಗುತ್ತವೆ. ಏನಾದರೂ ಉಪಾಯ ಇದೆಯೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಇದೆ. ಆ ಪಿಡಿಎಫ್ ಡಿಲೀಟ್ ಮಾಡಿ.

430 ಎಂಬ ಅಂಕಿ ಸುಳ್ಳಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ ‘ಸೆಟ್’ ಕ್ರಿಯಾಪದಕ್ಕೆ ಅಷ್ಟು ಅರ್ಥ ಕೊಟ್ಟಿದೆ. ಅದೊಂದರ ವಿವರಣೆಯೇ ಸುಮಾರು 60,000 ಪದ. ಆದರೆ ಅದು ಚರಿತ್ರೆಯ ನಿಘಂಟು. ಶತಮಾನಗಳ ಹಿಂದೆಯೇ ಬಳಕೆ ತಪ್ಪಿದ್ದು, ಈಗ ಇಂಗ್ಲಿಷರಿಗೇ ಗೊತ್ತಿಲ್ಲದ್ದು, ಎಲ್ಲವೂ ಅದರಲ್ಲಿದೆ. ವಿದ್ವಾಂಸರು ನೋಡಲೆಂದು ಕೂದಲು ಸೀಳಿ ವಿಂಗಡಿಸಿದ್ದನ್ನು ನೀವು ಉರು ಹೊಡೆಯುತ್ತಿದ್ದೀರಿ. ಮೇಲಾಗಿ ಅತಿ ಹೆಚ್ಚು ಅರ್ಥದ ಪದ ಎಂಬ ದಾಖಲೆಯೂ ಈಗ ‘ಸೆಟ್’ಗೆ ಉಳಿದಿಲ್ಲ. ಮೂರನೇ ಆವೃತ್ತಿಗಾಗಿ ಪರಿಷ್ಕರಿಸುವಾಗ ‘ರನ್’ ಕ್ರಿಯಾಪದಕ್ಕೆ 645 ಅರ್ಥ ಆಗಿದ್ದು 2011ರಲ್ಲೇ ಸುದ್ದಿಯಾಗಿತ್ತು. ಇದನ್ನು ನಿಮ್ಮ ಕೋಚಿಂಗ್‌ನವರಿಗೆ ಹೇಳಬೇಡಿ, ಇನ್ನೊಂದು ಪಿಡಿಎಫ್ ಬರುತ್ತದೆ.

‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ಹಳೆಯ ಇಂಗ್ಲಿಷಿನಿಂದಲೂ ಇದು ಜೋಡಿ. ದಸರೆಗೆ ಗೊಂಬೆ ಕೂರಿಸುವ ಊರಿನವರಿಗೆ ಇನ್ನೆಷ್ಟು ಬಿಡಿಸಿ ಹೇಳಲಿ? ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆ ಕೂರಿಸುವುದು, ಎರಡೂ ‘ಸೆಟ್’. ಅಲಾರಂ ಐದು ಗಂಟೆಗೆ, ಬೆಲೆ ನೂರು ರೂಪಾಯಿಗೆ, ತಾರೀಕು ಸೋಮವಾರಕ್ಕೆ ಅಂತ ನಿಗದಿ ಮಾಡುವುದೂ ಅದೇ ಕೂರಿಸುವ ಕೆಲಸ. ಯಾರೂ ಕೂರಿಸದೆ ತಾನಾಗಿ ಕೂತರೆ ಸೂರ್ಯ ಮುಳುಗುತ್ತಾನೆ, ಜೆಲ್ಲಿ ಗಟ್ಟಿಯಾಗುತ್ತದೆ. ಏನು ಕೂತಿತು, ಯಾವುದರಲ್ಲಿ ಕೂತಿತು ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ಅರ್ಥ ತಾನೇ ಹೊಳೆಯುತ್ತದೆ.

ಡಿಪ್ಲೊಮಾ ಸಿವಿಲ್ ಓದುವವರು ಮಾತ್ರ ಸ್ವಲ್ಪ ಎಚ್ಚರವಾಗಿರಿ. ನಿಘಂಟು ನೋಡಿ ಸಿಮೆಂಟ್ ‘ಸೆಟ್’ ಆಗುವುದೆಂದರೆ ಗಟ್ಟಿಯಾಗುವುದು ಎಂದು ಬರೆದು ಅಂಕ ಕಳೆದುಕೊಳ್ಳುತ್ತೀರಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕೆ ಮೊದಲು ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿಯಬೇಕು, ಅದು ‘ಸೆಟಿಂಗ್’. ಆಮೇಲೆ ಗಟ್ಟಿಯಾಗುತ್ತಾ ಬರುವ, 28 ದಿನಕ್ಕೆ ಪರೀಕ್ಷಿಸುವ ಬಲ ಬೇರೆಯೇ ಲೆಕ್ಕ. ನಿಘಂಟಿಗೆ ಈ ಎರಡೂ ಒಂದೇ, ಗಾರೆ ಕೆಲಸದವರಿಗೆ ಅಲ್ಲ.

ಇನ್ನು ಪಾತ್ರೆ ಸೆಟ್, ಪುಸ್ತಕದ ಸೆಟ್. ಇದನ್ನು ‘ಕೂರಿಸು’ವಿನಿಂದ ಎಳೆದು ತರಬೇಡಿ. ಈ ನಾಮಪದ ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಅನುಯಾಯಿಗಳ ಗುಂಪು, ಪಂಥ ಎಂಬ ಅರ್ಥದ ಪದ ಅದು. ಬರುಬರುತ್ತಾ ಎರಡರ ರೂಪವೂ ಒಂದೇ ಆಯಿತು. ಗಣಿತದವರ ‘ಗಣ’ ಈ ಕಡೆಯದು.

ನಿಜವಾಗಿ ಕಾಡುವುದು ‘ಸೆಟ್’ ಅಲ್ಲ, ಅದರ ಬಾಲ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ‘ಸೆಟ್ ಔಟ್’ ಅಂದರೆ ಹೊರಡು. ‘ಸೆಟ್ ಇನ್’ ಅಂದರೆ ಮಳೆ ಹಿಡಿಯಿತು ಅನ್ನುತ್ತೇವಲ್ಲ, ಆ ಹಿಡಿಯುವುದು. ಆದಾಯ ತೆರಿಗೆಯವರ ‘ಸೆಟ್ ಆಫ್’ ಎಂದರೆ ಲಾಭದಲ್ಲಿ ನಷ್ಟವನ್ನು ವಜಾ ಹಾಕುವುದು. ಪಟಾಕಿಗೆ ಬಂದರೆ ಸಿಡಿಸುವುದು.

ಬಾಲ ತಪ್ಪಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಮದ್ದೂರು ಕಡೆಯ ಓದುಗರೊಬ್ಬರ ಜಮೀನಿನ ಖಾತೆ ತಕರಾರಿನಲ್ಲಿ ತಹಶೀಲ್ದಾರರ ಆದೇಶ ಅವರ ಪರ ಇತ್ತು. ಮೇಲ್ಮನವಿಯಲ್ಲಿ ಉಪವಿಭಾಗಾಧಿಕಾರಿ ಅದನ್ನು ‘ಸೆಟ್ ಅಸೈಡ್’ ಮಾಡಿದ್ದಾರೆ. ಇವರು ಮೊಬೈಲ್‌ನಲ್ಲಿ ಅರ್ಥ ಹುಡುಕಿ, ‘ತೆಗೆದಿರಿಸು, ಮೀಸಲಿಡು’ ಎಂದು ಕಂಡು, ಜಮೀನು ತಮ್ಮ ಹೆಸರಿಗೆ ಮೀಸಲಾಯಿತೆಂದು ನೆಮ್ಮದಿಯಾಗಿ ಕೂತಿದ್ದರು! ದುಡ್ಡಿನ ಜತೆ ಬಂದರೆ ‘ಸೆಟ್ ಅಸೈಡ್’ ತೆಗೆದಿಡುವುದೇ ಹೌದು. ಆದೇಶದ ಜತೆ ಬಂದರೆ ರದ್ದು. ಮುಂದಿನ ಹಂತಕ್ಕೆ ಜಿಲ್ಲಾಧಿಕಾರಿಗಳ ಬಳಿ ಹೋಗಲು ದಾರಿ ಇದೆ, ಆದರೆ ದಿನ ಕಳೆದಷ್ಟೂ ಕಷ್ಟ. ಕಂದಾಯ, ಕೋರ್ಟಿನ ಕಾಗದವನ್ನು ನಿಘಂಟಿನಿಂದಾಗಲಿ, ಮೊಬೈಲಿನ ಅನುವಾದದಿಂದಾಗಲಿ, ನನ್ನಂಥ ಇಂಗ್ಲಿಷ್ ಮೇಷ್ಟರಿಂದಾಗಲಿ ಓದಿಸಬೇಡಿ. ವಕೀಲರ ಹತ್ತಿರ ಹೋಗಿ, ಅದೂ ಇವತ್ತೇ.

ಪ್ರಶ್ನೆ: ಸೆಟ್ ದೋಸೆಯ ‘ಸೆಟ್’ ಯಾವುದು?

ಉತ್ತರ: ಗುಂಪಿನದು. ಒಂದೇ ದೋಸೆ ತಂದಿಟ್ಟರೆ ಹೋಟೆಲಿನವರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ‘ಸೆಟ್ಟೆಡ್’ ಸರಿಯೇ? ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ.

ಉತ್ತರ: ಎಲ್ಲರೂ ತಪ್ಪು. ನಿನ್ನೆಯೂ ‘ಸೆಟ್’, ಇವತ್ತೂ ‘ಸೆಟ್’.

ಪ್ರಶ್ನೆ: ಕೆ-ಸೆಟ್‌ಗೆ ತಯಾರಿ ಹೇಗೆ?

ಉತ್ತರ: ಅದು ಪರೀಕ್ಷೆಯ ಹೆಸರಿನ ಮೊದಲಕ್ಷರಗಳು. ಅಂಕಣ ತಪ್ಪಿ ಬಂದಿದ್ದೀರಿ.

ಪ್ರಶ್ನೆ: ಕನ್ನಡದಲ್ಲಿ ಒಂದು ಪದಕ್ಕೆ ಒಂದೇ ಅರ್ಥ. ಇಂಗ್ಲಿಷ್ ಮಾತ್ರ ಯಾಕೆ ಹೀಗೆ ಗೊಂದಲ? (ಮಂಡ್ಯ)

ಉತ್ತರ: ನಿಮ್ಮೂರಿನಲ್ಲೇ ಗದ್ದೆಗೆ ಔಷಧಿ ಹೊಡೆಯುತ್ತಾರೆ, ಗೋಡೆಗೆ ಬಣ್ಣ ಹೊಡೆಯುತ್ತಾರೆ, ಗಾಡಿ ಹೊಡೆಯುತ್ತಾರೆ, ಊಟ ಆದಮೇಲೆ ನಿದ್ದೆ ಹೊಡೆಯುತ್ತಾರೆ. ಯಾರಿಗೂ ಗೊಂದಲ ಆದದ್ದು ನಾನಂತೂ ಕಂಡಿಲ್ಲ.

ಪ್ರಶ್ನೆ: 30 ದಿನದಲ್ಲಿ ಇಂಗ್ಲಿಷ್ ಕಲಿಸುವ ಕೋರ್ಸಿಗೆ ಸೇರಬಹುದೇ?

ಉತ್ತರ: ಸೇರಿ, ಮೂವತ್ತೊಂದನೇ ದಿನ ಇಂಗ್ಲಿಷಿನಲ್ಲೇ ಫೀಸು ವಾಪಸ್ ಕೇಳಿ. ಕೊಟ್ಟರೆ ನನಗೂ ತಿಳಿಸಿ.